ಗಂಗಾಧರಸ್ವಾಮಿ ಮೇಷ್ಟ್ರ ಸಭಾಕಂಪನ

ಗಂಗಾಧರಸ್ವಾಮಿ ಮೇಷ್ಟ್ರು ಹದಿನೇಳು ವರ್ಷದಿಂದ ಮೈಕಿನ ಮುಂದೆ ಬಾಯಿ ಬಿಟ್ಟಿರಲಿಲ್ಲ. ತಿ. ನರಸೀಪುರದ ಜನ ಇದನ್ನು ಅವರ ದೊಡ್ಡ ಗುಣವೆಂದೇ ಲೆಕ್ಕಕ್ಕೆ ಹಿಡಿದಿದ್ದರು. ಹೆಡ್‌ಮಾಸ್ಟರಾಗಿದ್ದಾಗ ಸ್ವಾತಂತ್ರ್ಯ ದಿನಾಚರಣೆಗೆ ಧ್ವಜ ಹಾರಿಸಿ ಕೈಮುಗಿದು ಕೂರುತ್ತಿದ್ದರು. ಭಾಷಣವನ್ನು ಕನ್ನಡ ಪಂಡಿತರು ಮಾಡುತ್ತಿದ್ದರು. 2004ರಲ್ಲಿ ನಿವೃತ್ತರಾದ ದಿನ, ತಮ್ಮ ಬೀಳ್ಕೊಡುಗೆಯಲ್ಲೇ ಎದ್ದು ನಿಂತು, ಕೈಮುಗಿದು, ಕೂತುಬಿಟ್ಟರು. ಅದಕ್ಕೂ ಚಪ್ಪಾಳೆ ಬಿತ್ತು. ಮಾತು ಕಮ್ಮಿ, ಕೆಲಸ ಜಾಸ್ತಿ ಎಂದು ಊರು ಹೊಗಳಿತು. ಒಬ್ಬ ಮನುಷ್ಯನನ್ನು ಒಳ್ಳೆಯವನೆಂದು ಊರು ಒಮ್ಮೆ ತೀರ್ಮಾನಿಸಿಬಿಟ್ಟರೆ ಅವನ ರೋಗವೂ ಅದಕ್ಕೆ ಗುಣವಾಗಿಯೇ ಕಾಣುತ್ತದೆ.

ತರಗತಿಯಲ್ಲಿ ಈ ರೋಗ ಇರಲಿಲ್ಲ. ಗಣಿತ ಹೇಳುವಾಗ ಅವರ ದನಿ ಮೂರು ಕೊಠಡಿ ದಾಟುತ್ತಿತ್ತು. ಮೈಕು ಎದುರಿಗೆ ಬಂದರೆ ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು, ಮಂಡಿ ನಡುಗುತ್ತಿತ್ತು.

2008ರ ಆಗಸ್ಟಿನ ಒಂದು ಬೆಳಿಗ್ಗೆ ಚಿಕ್ಕಸ್ವಾಮಿ ಅವರ ಮನೆಗೆ ಬಂದ. ಅವನು ಮೇಷ್ಟ್ರ ಹಳೇ ವಿದ್ಯಾರ್ಥಿ. ಈಗ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಊರಲ್ಲಿ ಯಾರಿಗೆ ಸನ್ಮಾನವಾದರೂ ಮುಂದೆ ನಿಂತು ನಡೆಸುವವನು ಅವನೇ.

"ಸಾರ್, ತೊಂಬತ್ತೆರಡನೇ ಬ್ಯಾಚಿನೋರೆಲ್ಲ ಸೇರಿ ನಿಮಗೊಂದು ಗುರುವಂದನೆ ಇಟ್ಕೊಂಡಿದೀವಿ. ಡಿಸೆಂಬರ್ ಎರಡನೇ ಭಾನುವಾರ. ಸಮುದಾಯ ಭವನ ಬುಕ್ ಮಾಡಾಯ್ತು. ಬ್ಯಾಡ ಅನ್ನಂಗಿಲ್ಲ" ಅಂದ.

"ಬರ್ತೀನಪ್ಪ. ಬಂದು ಕೂತ್ಕೊಂಡು ಹೋಗ್ತೀನಿ" ಅಂದರು ಮೇಷ್ಟ್ರು.

"ಅದೊಂದ್ ಆಗಕ್ಕಿಲ್ಲ ಸಾರ್. ಹತ್ತು ನಿಮಿಷನಾದ್ರೂ ಮಾತಾಡ್ಲೇಬೇಕು. ಮೈಕ್‌ಸೆಟ್ಟಿಗೆ ಕಲ್ಲಯ್ಯಂಗೆ ಹೇಳಿದೀನಿ. ಅವ್ನೂ ನಮ್ ಬ್ಯಾಚಿನೋನೇ ಅಲ್ವಾ, ಅರ್ಧಕ್ಕೆ ಬಿಟ್ಟ ಅಷ್ಟೇಯ."

ಮೇಷ್ಟ್ರು ಕಾಫಿ ಲೋಟವನ್ನು ಕೆಳಗಿಟ್ಟರು. "ಆಯ್ತು. ಮಾತಾಡ್ತೀನಿ" ಅಂದರು.

ಒಳಗೆ ಹುರುಳಿಕಾಯಿ ಬಿಡಿಸುತ್ತಿದ್ದ ಅವರ ಹೆಂಡತಿ ಗುರುಬಸಮ್ಮ ಕೈ ನಿಲ್ಲಿಸಿ ಬಾಗಿಲ ಕಡೆ ನೋಡಿದರು. ಹದಿನೇಳು ವರ್ಷದಿಂದ ಈ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

ಮೇಷ್ಟ್ರು ಒಪ್ಪಿದ್ದಕ್ಕೆ ಕಾರಣ ಚಿಕ್ಕಸ್ವಾಮಿಗೂ ಗೊತ್ತಿರಲಿಲ್ಲ, ಗುರುಬಸಮ್ಮನಿಗೂ ಗೊತ್ತಿರಲಿಲ್ಲ. ಅದರ ಹಿಂದಿನ ಸಂಗತಿ ಗೊತ್ತಿದ್ದದ್ದು ಮೇಷ್ಟ್ರಿಗೆ ಮತ್ತು ಸ್ಕೂಲಿನ ಜವಾನ ಮಾದಯ್ಯನಿಗೆ. ಮಾದಯ್ಯ ತೀರಿಕೊಂಡು ಐದು ವರ್ಷವಾಗಿತ್ತು.

ನಡೆದದ್ದು ಇಷ್ಟು. 1991ರಲ್ಲಿ ದಾನಿಯೊಬ್ಬರು ಸ್ಕೂಲಿಗೆ ಹೊಸ ಮೈಕು ಕೊಡಿಸಿದ್ದರು. ಆಗಸ್ಟ್ ಹದಿನಾಲ್ಕರ ಬೆಳಿಗ್ಗೆ ನೋಡಿದರೆ ಅದು ಇಲ್ಲ. ಮರುದಿನ ಧ್ವಜಾರೋಹಣ, ಶಾಸಕರು ಬರುವವರು. ಮೇಷ್ಟ್ರ ತಲೆ ಕೆಟ್ಟಿತು. ಹತ್ತನೇ ತರಗತಿಯಲ್ಲಿ ಕಲ್ಲಯ್ಯ ಎಂಬ ಹುಡುಗನಿದ್ದ. ಅವನ ಅಪ್ಪ ಬಸ್‌ಸ್ಟ್ಯಾಂಡಿನ ಪಕ್ಕ ಸೈಕಲ್ ರಿಪೇರಿ ಮಾಡುತ್ತಿದ್ದ. ಸ್ಕೂಲಿನ ಆಂಪ್ಲಿಫೈಯರ್ ಕೆಟ್ಟರೆ ಬಿಚ್ಚಿ ಸರಿಮಾಡುತ್ತಿದ್ದವನು ಆ ಹುಡುಗನೇ. ಮೈಕಿನ ಬೆಲೆ ಗೊತ್ತಿರುವವನು ಅವನೊಬ್ಬನೇ, ಹಾಗಾಗಿ ಕದ್ದವನೂ ಅವನೇ ಎಂದು ಮೇಷ್ಟ್ರು ಲೆಕ್ಕ ಹಾಕಿದರು. ಗಣಿತದ ಮೇಷ್ಟ್ರಲ್ಲವೇ, ಲೆಕ್ಕ ಬೇಗ ಬಂತು. ಪ್ರಾರ್ಥನೆಯ ಹೊತ್ತಿಗೆ ನಾನೂರು ಮಕ್ಕಳ ಮುಂದೆ ಅವನನ್ನು ಜಗಲಿಯ ಮೇಲೆ ನಿಲ್ಲಿಸಿ, ಹಳೇ ಮೈಕಿನಲ್ಲಿ, "ನಮ್ಮ ಸ್ಕೂಲಿನ ಕಳ್ಳನ ಮುಖ ಎಲ್ಲರೂ ನೋಡ್ಕೊಳ್ಳಿ" ಅಂದರು. ಸ್ಕೂಲಿನ ಹಾರ್ನು ಆಗ ಬೇವಿನ ಮರದ ಮೇಲೆ ರಸ್ತೆಗೆ ಮುಖ ಮಾಡಿ ಕೂತಿತ್ತು. ಅವರು ಹೇಳಿದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು. ಅವನ ಅಪ್ಪ ಅರ್ಧ ಬಿಚ್ಚಿದ ಸೈಕಲನ್ನು ಬಿಟ್ಟು ಎಣ್ಣೆಗೈಯಲ್ಲೇ ಓಡಿಬಂದು ಮಗನನ್ನು ಕರೆದುಕೊಂಡು ಹೋದ. ಹುಡುಗ ಮತ್ತೆ ಸ್ಕೂಲಿಗೆ ಬರಲಿಲ್ಲ.

ಅಕ್ಟೋಬರ್ ರಜೆಯಲ್ಲಿ ಧೂಳು ಹೊಡೆಯುತ್ತಿದ್ದ ಮಾದಯ್ಯ ಹಾರ್ಮೋನಿಯಂ ಪೆಟ್ಟಿಗೆಯಿಂದ ಹೊಸ ಮೈಕನ್ನು ತೆಗೆದು ತಂದು ಮೇಷ್ಟ್ರ ಮೇಜಿನ ಮೇಲಿಟ್ಟ. ಸಂಗೀತದ ಟೀಚರು ಜೋಪಾನವಾಗಿರಲಿ ಎಂದು ಅದರೊಳಗಿಟ್ಟು, ಮರೆತು, ಹೆರಿಗೆ ರಜೆಗೆ ಹೋಗಿದ್ದರು. "ಬೀರುವಿನಲ್ಲಿಡು ಮಾದಯ್ಯ. ಹುಡುಗ ಬಂದಾಗ ನಾನೇ ಹೇಳ್ತೀನಿ" ಅಂದರು ಮೇಷ್ಟ್ರು. ಹುಡುಗ ಬರಲಿಲ್ಲ, ಇವರು ಹೋಗಲಿಲ್ಲ. ನವೆಂಬರ್ ಒಂದಕ್ಕೆ ರಾಜ್ಯೋತ್ಸವದ ಭಾಷಣಕ್ಕೆ ಅದೇ ಮೈಕಿನ ಮುಂದೆ ನಿಂತರೆ ಬಾಯಿಂದ ಗಾಳಿಯೂ ಹೊರಡಲಿಲ್ಲ.

ಕಲ್ಲಯ್ಯನೇನೂ ಹಾಳಾಗಿ ಹೋಗಲಿಲ್ಲ. ಮೈಸೂರಿನಲ್ಲಿ ರೇಡಿಯೋ ಅಂಗಡಿಯಲ್ಲಿ ದುಡಿದು ಬಂದು, ನರಸೀಪುರದಲ್ಲೇ ಮೈಕ್‌ಸೆಟ್ ಅಂಗಡಿ ತೆರೆದ. ಊರಿನ ಮದುವೆ, ಸಭೆ, ಚುನಾವಣೆ ಎಲ್ಲಕ್ಕೂ ಅವನದೇ ಮೈಕು. ಮೇಷ್ಟ್ರು ಯಾವ ವೇದಿಕೆಯಲ್ಲಿ ಎದ್ದು ನಿಂತರೂ, ಕುಳ್ಳಗಿನ ಅವರ ಬಾಯಿಯ ಎತ್ತರಕ್ಕೆ ಮೈಕನ್ನು ಇಳಿಸಲು ಕಲ್ಲಯ್ಯ ಬರುತ್ತಿದ್ದ. ಮುಖ ನೋಡುತ್ತಿರಲಿಲ್ಲ. ತಿರುಪು ಸಡಿಲಿಸಿ, ಕಡ್ಡಿ ಇಳಿಸಿ, ಮತ್ತೆ ಬಿಗಿಮಾಡಿ, ಹೋಗುತ್ತಿದ್ದ. ಅಷ್ಟರಲ್ಲಿ ಮೇಷ್ಟ್ರ ಕಥೆ ಮುಗಿದಿರುತ್ತಿತ್ತು.

ಈಗ ಆ ಬ್ಯಾಚೇ ಸೇರುತ್ತಿದೆ. ಅವತ್ತು ಸಾಲಿನಲ್ಲಿ ನಿಂತು ಕಳ್ಳನ ಮುಖ ನೋಡಿಕೊಂಡವರೆಲ್ಲ ಒಂದೇ ಕಡೆ ಇರುತ್ತಾರೆ. ಸುಳ್ಳನ್ನು ಯಾರ ಮುಂದೆ ಹೇಳಿದರೋ ಅವರ ಮುಂದೆಯೇ ವಾಪಸು ತೆಗೆದುಕೊಳ್ಳಬೇಕು. ಇದಕ್ಕಿಂತ ಒಳ್ಳೆಯ ದಿನ ಇನ್ನು ಸಿಗುವುದಿಲ್ಲ. ಮೇಷ್ಟ್ರಿಗೆ ಅರವತ್ತೆರಡು ನಡೆಯುತ್ತಿತ್ತು. ಹೇಳಬೇಕಾದರೆ ಮೊದಲು ಬಾಯಿ ಬರಬೇಕಲ್ಲ.

ದಾರಿ ತೋರಿಸಿದವರು ಗುರುಬಸಮ್ಮ. ಬಿ.ಪಿ. ತೋರಿಸಲು ಅವರು ತಿಂಗಳಿಗೊಮ್ಮೆ ನಂಜನಗೂಡಿನ ಡಾಕ್ಟರ ಹತ್ತಿರ ಹೋಗುತ್ತಿದ್ದರು.

"ಅಲ್ಲಿ ಗೋಡೆ ಮೇಲೆ ಒಂದ್ ಚೀಟಿ ಅಂಟ್ಸವ್ರೆ ಕಣ್ರೀ. ಸಭಾಕಂಪನಕ್ಕೆ ಕಂಪ್ಯೂಟರ್ ಚಿಕಿತ್ಸೆ, ಫ್ರೀ ಅಂತೆ. ಡಾಕ್ಟ್ರ ಅಣ್ಣನ್ ಮಗ್ಳು ಮಾಡಾದು. ಹೋಗ್ಬನ್ನಿ ಒಂದ್ಸಲ. ಒಪ್ಕೊಂಡು ಆಮೇಲೆ ಮೂಗನಂಗೆ ನಿಂತ್ರೆ ನಂಗೂ ನಾಚ್ಕೆ" ಅಂದರು.

ಆ ಹುಡುಗಿಯ ಹೆಸರು ನಂದಿತಾ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ವಾರಕ್ಕೆ ಎರಡು ದಿನ ಚಿಕ್ಕಪ್ಪನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತಿದ್ದಳು. ಕರೆಂಟು ಹೋದರೆ ಇರಲಿ ಎಂದು ಮೇಜಿನ ಕೆಳಗೆ ಯು.ಪಿ.ಎಸ್. ಕುಂಯ್‌ಗುಡುತ್ತಿತ್ತು. ಮೇಜಿನ ಮೇಲೆ ದಪ್ಪನೆಯ ಒಂದು ಕಪ್ಪು ಕನ್ನಡಕ, ಅದಕ್ಕೆ ತಲೆಪಟ್ಟಿ, ಹಿಂದಕ್ಕೆ ಉದ್ದನೆಯ ವೈರು.

"ಇದನ್ನ ಹಾಕ್ಕೊಂಡ್ರೆ ನೀವು ಒಂದು ಸಭೆ ಮುಂದೆ ನಿಂತ ಹಾಗೆ ಕಾಣುತ್ತೆ ಸರ್. ತಲೆ ತಿರುಗಿಸಿದ ಕಡೆಗೆ ಸಭೆನೂ ತಿರುಗುತ್ತೆ. ಸುಳ್ಳು ಸಭೆ ಅಂತ ಬುದ್ಧಿಗೆ ಗೊತ್ತಿರುತ್ತೆ, ಮೈಗೆ ಗೊತ್ತಾಗಲ್ಲ. ಮೈ ಹೆದರುತ್ತೆ. ಹೆದರಿಕೊಂಡೇ ಮತ್ತೆ ಮತ್ತೆ ನಿಂತರೆ ಹೆದರಿಕೆಗೆ ಬೇಜಾರಾಗಿ ಇಳಿಯುತ್ತೆ" ಎಂದಳು ನಂದಿತಾ. ಇಷ್ಟು ಚೆನ್ನಾಗಿ ಹೇಳಿಕೊಟ್ಟವಳನ್ನು ಮೇಷ್ಟ್ರು ಮನಸ್ಸಿನಲ್ಲೇ ಮೆಚ್ಚಿದರು.

ಕನ್ನಡಕ ಹಾಕಿಕೊಂಡರು. ಎದುರಿಗೆ ದೊಡ್ಡ ಸಭಾಂಗಣ. ಕುರ್ಚಿಗಳಲ್ಲಿ ಕೋಟು ಟೈ ಹಾಕಿದ ಬಿಳಿಯರು, ಗಂಡಸರು ಹೆಂಗಸರು, ಗೊಂಬೆಯ ಮುಖದವರು. ವಿದೇಶದಲ್ಲಿ ತಯಾರಾದ ಸಾಫ್ಟ್‌ವೇರು. ನಂದಿತಾ ಒಂದು ಗುಂಡಿ ಒತ್ತಿದರೆ ಮೂರನೇ ಸಾಲಿನವನು ಆಕಳಿಸುತ್ತಿದ್ದ, ಇನ್ನೊಂದು ಒತ್ತಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾರೂ ಎದ್ದು ಹೋಗುತ್ತಿರಲಿಲ್ಲ, ಪಕ್ಕದವನ ಹತ್ತಿರ ಎಲೆಅಡಿಕೆ ಕೇಳುತ್ತಿರಲಿಲ್ಲ. ಇಷ್ಟು ಶಿಸ್ತಿನ ಸಭೆಯನ್ನು ಮೇಷ್ಟ್ರು ಜನ್ಮದಲ್ಲಿ ಕಂಡಿರಲಿಲ್ಲ. ಐದು ನಿಮಿಷ ನಿರಾಳವಾಗಿ ಮಾತಾಡಿದರು.

"ಹೆದರಿಕೆಗೆ ನೂರಕ್ಕೆ ಎಷ್ಟು ಅಂಕ ಕೊಡ್ತೀರಿ ಸರ್?"

"ಹತ್ತು."

"ಅಷ್ಟೇನಾ?"

"ಇವರ ಮುಂದೆ ಹೆದರೋಕೆ ಏನಿದೆಯಮ್ಮ? ನಾನು ಯಾರು ಅಂತ ಇವರಿಗೆ ಗೊತ್ತಿಲ್ಲ. ಕನ್ನಡವೂ ಬರೋ ಹಾಗೆ ಕಾಣಲ್ಲ."

ನಂದಿತಾ ನಕ್ಕಳು. ಆದರೆ ಅವಳು ಸುಮ್ಮನಿರುವ ಪೈಕಿಯಲ್ಲ. ಕಂಪ್ಯೂಟರ್ ಬಲ್ಲ ಗೆಳತಿಯೊಬ್ಬಳನ್ನು ಹಿಡಿದು, ಆ ಕುರ್ಚಿಗಳಿಂದ ಬಿಳಿಯರನ್ನು ಎಬ್ಬಿಸಿ ನರಸೀಪುರದವರನ್ನೇ ಕೂರಿಸುವುದೆಂದು ತೀರ್ಮಾನಿಸಿದಳು. ನಲವತ್ತು ಜನರನ್ನು ಸಮುದಾಯ ಭವನದಲ್ಲಿ ಹತ್ತು ನಿಮಿಷ ಕೂರಿಸಿ ವಿಡಿಯೋ ತೆಗೆಯಬೇಕು, ಅಷ್ಟೇ. ಜನರನ್ನು ಸೇರಿಸುವ ಕೆಲಸ ಚಿಕ್ಕಸ್ವಾಮಿಯದು. ಮೇಷ್ಟ್ರು ಆ ಕಡೆ ಬರಕೂಡದು ಎಂದಿದ್ದಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ವರದಿ ಮಾಡಿದಳು.

ವಿಡಿಯೋ ಎಂದದ್ದೇ ತಪ್ಪಾಗಿತ್ತು. ನಲವತ್ತು ಜನಕ್ಕೆ ಐವತ್ತು ಜನ ಬಂದರು, ಬಂದವರೆಲ್ಲ ಮದುವೆಗೆ ಹೊರಟಂತೆ ಬಂದರು. ಹೆಂಗಸರು ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಗಂಡಸರು ಇಸ್ತ್ರಿ ಮುರಿಯದ ಬಿಳಿ ಅಂಗಿ. ಚಿಕ್ಕಸ್ವಾಮಿ ಬಾಚಣಿಗೆ ಹಿಡಿದು ಸಾಲುಸಾಲಿಗೂ ಓಡಾಡಿದ. ಕ್ಯಾಮೆರಾ ಶುರುವಾದ ಕೂಡಲೇ ಐವತ್ತು ಜನವೂ ಮಂಡಿ ಮೇಲೆ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ, ಗ್ರೂಪ್ ಫೋಟೋಗೆ ಕೂತಂತೆ ಕೂತರು. ಕೆಮ್ಮು ಬಂದವರು ನುಂಗಿಕೊಂಡರು. "ಸ್ವಲ್ಪ ಸಹಜವಾಗಿರಿ" ಎಂದು ನಂದಿತಾ ಕೇಳಿಕೊಂಡದ್ದಕ್ಕೆ ಇನ್ನಷ್ಟು ಬಿಗಿಯಾದರು. ಕೊನೆಗೆ ಅವಳು, "ಆಯ್ತು, ಮುಗೀತು. ಕಾಫಿ ಬರುತ್ತೆ, ಕೂತಿರಿ" ಎಂದು ಹೇಳಿ, ಕ್ಯಾಮೆರಾ ಮಾತ್ರ ನಿಲ್ಲಿಸದೆ ಆಚೆ ಹೋದಳು. ಆಗ ಸಭೆ ಸಭೆಯಾಯಿತು. ಒಬ್ಬರು ಆಕಳಿಸಿದರು, ಒಬ್ಬರು ಪಂಚೆಯಲ್ಲಿ ಮುಖ ಒರೆಸಿದರು, ಇಬ್ಬರು ಹೆಂಗಸರು ತಲೆ ಕೂಡಿಸಿ ಮೂರನೆಯವಳ ಸೀರೆ ನೋಡಿದರು, ಮೂರು ಮೊಬೈಲು ಬಡಿದುಕೊಂಡವು. ಆಮೇಲೆ ವಿಷಯ ತಿಳಿಸಿ ಒಪ್ಪಿಗೆ ಕೇಳಿದರೆ, ಅದನ್ನು ಅಳಿಸಿ ಮೊದಲಿನದನ್ನೇ ಇಟ್ಟುಕೊಳ್ಳಿ, ಅದರಲ್ಲಿ ನಾವು ಚೆನ್ನಾಗಿ ಬಂದಿದ್ದೇವೆ ಎಂದು ಹಟ ಹಿಡಿದರು. ಅವರನ್ನು ಒಪ್ಪಿಸಲು ಎರಡನೇ ಸಲ ಕಾಫಿ ತರಿಸಬೇಕಾಯಿತು.

ಹೊಸ ಸಭೆಯನ್ನು ಕನ್ನಡಕದಲ್ಲಿ ಕಂಡ ದಿನ ಮೇಷ್ಟ್ರಿಗೆ ನಿಜಕ್ಕೂ ಬೆವರು ಬಂತು. ಅರವತ್ತು ಅಂಕ ಕೊಟ್ಟರು. ಪಾದವನ್ನು ನೆಲಕ್ಕೆ ಪೂರ್ತಿ ಊರುವುದು, ಉಸಿರನ್ನು ನಿಧಾನವಾಗಿ ಬಿಡುವುದು, ಒಂದು ವಾಕ್ಯಕ್ಕೆ ಒಂದು ಮುಖ ನೋಡುವುದು, ಇದನ್ನೆಲ್ಲ ನಂದಿತಾ ಕಲಿಸಿದಳು. ವಾರಕ್ಕೆರಡು ಸಲ ಬಸ್ಸು ಹತ್ತಿ ನಂಜನಗೂಡಿಗೆ ಬಂದರು. ವಿದ್ಯಾರ್ಥಿಗಳೇ ನನ್ನ ಆಸ್ತಿ, ನಿಮ್ಮ ಪ್ರೀತಿಗೆ ಚಿರಋಣಿ, ಈ ಧಾಟಿಯ ಭಾಷಣವನ್ನು ಆಕಳಿಸುವ ನರಸೀಪುರದ ಮುಂದೆ ಹತ್ತಾರು ಸಲ ಮಾಡಿದರು. ಹೇಳಬೇಕಾದ್ದನ್ನು ಮಾತ್ರ ಅಲ್ಲೂ ಹೇಳಲಿಲ್ಲ. ಮೊದಲು ಬಾಯಿ ಸರಿಯಾಗಲಿ, ಆಮೇಲೆ ಅದನ್ನು ಸೇರಿಸಿಕೊಂಡರಾಯಿತು ಎಂದು ತಮಗೆ ತಾವೇ ವಾಯಿದೆ ಕೊಟ್ಟುಕೊಂಡರು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅಂಕ ಮೂವತ್ತೈದಕ್ಕೆ ಇಳಿದು ಅಲ್ಲೇ ನಿಂತಿತು.

"ಮೂವತ್ತೈದು ಅಂದ್ರೆ ತುಂಬಾ ಒಳ್ಳೆಯದು ಸರ್. ಈಗ ನಿಜವಾದ ಸಭೆ ನೋಡೋಣ" ಎಂದಳು ನಂದಿತಾ. ಹುಲ್ಲಹಳ್ಳಿಯ ಸ್ಕೂಲೊಂದರಲ್ಲಿ ಪೋಷಕರ ಸಭೆ ಇತ್ತು. ಅಲ್ಲಿಗೆ ಕರೆದುಕೊಂಡು ಹೋದಳು. ಮೇಷ್ಟ್ರು ಆ ಊರಿನ ಮೈಕಿನಲ್ಲಿ ಮಕ್ಕಳಿಗೆ ಮಗ್ಗಿ ಯಾಕೆ ಬೇಕು ಎಂಬುದರ ಬಗ್ಗೆ ಹದಿನೈದು ನಿಮಿಷ ಮಾತಾಡಿದರು. ಜನ ಎರಡು ಸಲ ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರಿಗೆ ಹಾಡು ಗುನುಗಬೇಕೆನಿಸಿತು; ಗುನುಗಲಿಲ್ಲ, ಆದರೆ ಅನಿಸಿದ್ದು ನಿಜ.

ಮುಂದಿನ ವಾರ ನರಸೀಪುರದ ವರ್ತಕರ ರಾಜ್ಯೋತ್ಸವ. ಚಿಕ್ಕಸ್ವಾಮಿ ಎರಡು ಮಾತಾಡಿ ಎಂದ. ಮೇಷ್ಟ್ರು ಧೈರ್ಯವಾಗಿಯೇ ಎದ್ದರು, ಪಾದ ಊರಿದರು, ಉಸಿರು ಬಿಟ್ಟರು. ಅಷ್ಟರಲ್ಲಿ ಪಕ್ಕದಿಂದ ಕಲ್ಲಯ್ಯ ಬಂದ. ತಿರುಪು ಸಡಿಲಿಸಿದ, ಕಡ್ಡಿ ಇಳಿಸಿದ, ಬಿಗಿಮಾಡಿದ. ಅವನ ಬೆರಳು ಮೇಷ್ಟ್ರ ಗದ್ದದಿಂದ ಒಂದು ಗೇಣು ದೂರದಲ್ಲಿತ್ತು. ಅವನು ಹೋದ ಮೇಲೆ ಮೇಷ್ಟ್ರು ಸಭೆಯ ಕಡೆ ನೋಡಿ, ಕೈಮುಗಿದು, ಕೂತುಬಿಟ್ಟರು. ಯಥಾಪ್ರಕಾರ ಚಪ್ಪಾಳೆ ಬಿತ್ತು.

ಸೋಮವಾರ ನಂದಿತಾ ತನ್ನ ನೋಟ್‌ಬುಕ್ ಹರಡಿಕೊಂಡು ಕೂತಿದ್ದಳು. ಅವಳ ಮುಖ ಸಣ್ಣದಾಗಿತ್ತು.

"ಅದೇ ಊರು, ಅದೇ ಮುಖಗಳು ಸರ್. ಹುಲ್ಲಹಳ್ಳಿಲಿ ಅಷ್ಟು ಚೆನ್ನಾಗಿ ಮಾತಾಡಿದ್ರಿ. ನಾನು ಏನು ಬಿಟ್ಟಿದೀನಿ ಅಂತ ಗೊತ್ತಾಗ್ತಿಲ್ಲ."

"ನಿಮ್ಮ ಸಭೇಲಿ ಮೈಕ್ ಸರಿಮಾಡೋನು ಇಲ್ಲಮ್ಮ" ಅಂದರು ಮೇಷ್ಟ್ರು.

ಹೇಳಿಬಿಟ್ಟ ಮೇಲೆ ಮಿಕ್ಕದ್ದನ್ನೂ ಹೇಳಿದರು. ಹಾರ್ಮೋನಿಯಂ ಪೆಟ್ಟಿಗೆಯವರೆಗೆ ಎಲ್ಲವನ್ನೂ. ಮಗಳ ವಯಸ್ಸಿನ ಹುಡುಗಿಯ ಮುಂದೆ ಅವರಿಗೆ ತುಂಬ ನಾಚಿಕೆಯಾಯಿತು. ನಂದಿತಾ ಸಮಾಧಾನದ ಮಾತೇನೂ ಆಡಲಿಲ್ಲ.

"ಹಾಗಾದ್ರೆ ಇಷ್ಟು ದಿನ ಬೇರೆ ಯಾವುದೋ ಭಾಷಣ ಅಭ್ಯಾಸ ಮಾಡಿದ್ವಿ. ಮೂವತ್ತೈದು ಅಂಕ?"

"ಅದು ಪಾಸಿನ ಅಂಕ ಅಲ್ವೇನಮ್ಮ. ಚಿಕಿತ್ಸೆ ಪಾಸಾಗ್ಲಿ ಅಂತ ಕೊಟ್ಟೆ. ಸರ್ವಿಸ್ಸಿನಲ್ಲೇ ನಾನು ಯಾವ ಹುಡುಗನಿಗೂ ಎಪ್ಪತ್ತರ ಮೇಲೆ ಕೊಟ್ಟವನಲ್ಲ. ಹೆದರಿಕೆಗೂ ಅಷ್ಟೇ, ಕೈ ಬಿಗಿ ಹಿಡಿದೇ ಹಾಕ್ತಿದ್ದೆ."

ನಂದಿತಾ ನೋಟ್‌ಬುಕ್ಕಿನ ಎರಡು ತಿಂಗಳ ಅಂಕಗಳ ಮೇಲೆ ಅಡ್ಡಗೆರೆ ಎಳೆದಳು. ನಗಬೇಕೋ ಬೈಯಬೇಕೋ ಅವಳಿಗೆ ತಿಳಿದಂತೆ ಕಾಣಲಿಲ್ಲ. ಕನ್ನಡಕವನ್ನು ಅವರ ಕೈಗಿತ್ತು, "ಈಗ ನಿಜವಾದದ್ದನ್ನ ಹೇಳಿ" ಎಂದಳು.

ನರಸೀಪುರ ಎದುರಿಗೆ ಕೂತಿತ್ತು. ಪಂಚೆಯಲ್ಲಿ ಮುಖ ಒರೆಸುವವರು ಒರೆಸುತ್ತಿದ್ದರು. ಮೇಷ್ಟ್ರು "1991ನೇ ಇಸವಿ ಆಗಸ್ಟ್ ಹದಿನಾಲ್ಕು" ಎಂದು ಶುರುಮಾಡಿ ನಾಲ್ಕು ಸಲ ನಿಲ್ಲಿಸಿದರು. ಐದನೇ ಸಲ ಕೊನೆ ಮುಟ್ಟಿದರು. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

"ಎಷ್ಟು ಸರ್?"

"ನೂರು."

"ಎಪ್ಪತ್ತರ ಮೇಲೆ ಯಾರಿಗೂ ಕೊಡಲ್ಲ ಅಂದ್ರಿ."

"ಇದಕ್ಕೆ ಕೊಡಲೇಬೇಕು."

ಆ ವಾರ, ಮುಂದಿನ ವಾರ ಅದನ್ನೇ ಹೇಳಿದರು. ನೂರು ತೊಂಬತ್ತಾಯಿತು, ಎಪ್ಪತ್ತೈದಾಯಿತು. ಅದರಿಂದ ಕೆಳಗೆ ಇಳಿಯಲಿಲ್ಲ. ಮೈಕ್ ಸರಿಮಾಡುವವನೂ ಬಂದರೆ ಇಳಿದೀತು ಎಂದಳು ನಂದಿತಾ. ಅವನು ನಡೆದು ಬಂದು, ಬಾಗಿ, ಕಡ್ಡಿ ಇಳಿಸಿ ಹೋಗುವುದನ್ನು ವಿಡಿಯೋ ತೆಗೆದರೆ ಕನ್ನಡಕದೊಳಗೆ ಸೇರಿಸಬಹುದು. "ಆದ್ರೆ ಅವರನ್ನ ನೀವೇ ಕೇಳಬೇಕು ಸರ್. ನಾನು ಕೇಳಲ್ಲ" ಎಂದು ಖಡಾಖಂಡಿತವಾಗಿ ಹೇಳಿದಳು.

ಕಲ್ಲಯ್ಯನ ಅಂಗಡಿ ಸೋಸಲೆ ರಸ್ತೆಯಲ್ಲಿತ್ತು. ಮೇಷ್ಟ್ರು ಅದರ ಮುಂದೆ ಎರಡು ಸಲ ದಾಟಿ ಹೋಗಿ ಮೂರನೇ ಸಲ ಮೆಟ್ಟಿಲು ಹತ್ತಿದರು. ಒಳಗೆ ಸೋಲ್ಡರಿನ ವಾಸನೆ. ಕಲ್ಲಯ್ಯ ಒಂದು ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಎದ್ದು ಕುರ್ಚಿಯ ಮೇಲಿನ ವೈರುಗಳನ್ನು ತೆಗೆದು, "ಕೂತ್ಕಳಿ ಸಾ" ಅಂದ.

ಮೇಷ್ಟ್ರು ಕೂತರು. ಚಿಕಿತ್ಸೆಯ ವಿಷಯ, ಕನ್ನಡಕದ ವಿಷಯ, ವಿಡಿಯೋದ ವಿಷಯ ಹೇಳಿದರು. ಕಲ್ಲಯ್ಯ ತಲೆ ಬಗ್ಗಿಸಿ ಕೇಳಿದ. ಆಮೇಲೆ ಮೇಷ್ಟ್ರು ಮೂಲ ವಿಷಯಕ್ಕೆ ಬಂದರು.

"ಕಲ್ಲಯ್ಯ, ಆ ಮೈಕು ಸಿಕ್ಕಿತ್ತು ಕಣಪ್ಪ. ಹಾರ್ಮೋನಿಯಂ..."

"ಗೊತ್ತು ಸಾ" ಅಂದ ಕಲ್ಲಯ್ಯ. "ಮಾದಯ್ಯ ಆ ವರ್ಸವೇ ಬಂದು ಯೇಳ್ದ. ಮೇಷ್ಟ್ರು ಯೇಳ್ತಾರಂತೆ, ನೀನು ಸುಮ್ಕಿರು ಅಂದ. ಸುಮ್ಕಿದ್ದೆ."

ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ. ಹದಿನೇಳು ವರ್ಷ ಮುಚ್ಚಿಟ್ಟೆ ಎಂದುಕೊಂಡದ್ದು ಯಾರಿಂದ ಮುಚ್ಚಿಟ್ಟರೋ ಅವನಿಗೇ ಮೊದಲ ವರ್ಷದಿಂದ ಗೊತ್ತಿತ್ತು.

"ನಿಮ್ ಅಳತೆ ನಂಗೆ ಬಾಯಿಪಾಠ ಸಾ. ಸ್ಟ್ಯಾಂಡ್ನ ನಾಕ್ ಬೆರಳು ಇಳುಸ್ಬೇಕು. ಒಂದೊಂದ್ ದಪನೂ ಇಳುಸ್ತಾ, ಇವತ್ತಾದ್ರೂ ಯೇಳ್ತಾರೇನೋ ಅಂದ್ಕತಿದ್ದೆ. ನೀವು ಕೈ ಮುಗ್ದು ಕೂತ್ಕಬುಡ್ತಿದ್ರಿ. ಜನ ಚಪ್ಪಾಳೆ ಒಡೀತಿದ್ರು. ಅದ್ಕೂ ನನ್ ಮೈಕೇಯ."

"ತಪ್ಪಾಯ್ತು ಕಲ್ಲಯ್ಯ."

"ನಂಗೆ ಯೇಳದ್ ಬ್ಯಾಡ ಸಾ. ನಾನ್ ಕದ್ದಿಲ್ಲ ಅಂತ ನಂಗೆ ಗೊತ್ತಲ್ವಾ. ಗೊತ್ತಿಲ್ದೋರ್ಗೆ ಯೇಳಿ." ಅವನು ಸೋಲ್ಡರಿಂಗ್ ಕಡ್ಡಿಯನ್ನು ಕೈಗೆತ್ತಿಕೊಂಡ. "ನಮ್ಮಪ್ಪ ಈಗ್ಲೂ ಅದೇ ಬಸ್‌ಸ್ಟ್ಯಾಂಡತ್ರ ಕೂತವ್ನೆ. ಕೈ ನಡುಗುತ್ತೆ, ಪಂಚರ್ ಒಂದೇ ಆಕಾದು. ಯಾರಾರ ಸೈಕಲ್ ತಂದ್ರೆ, ಬೀಗ ಆಕಳಿ ಸ್ವಾಮಿ, ಆಮೇಲೆ ನಮ್ ಮ್ಯಾಲೆ ಬತ್ತದೆ ಅಂತಾನೆ. ಅವತ್ತಿಂದ ಅಂಗೇಯ."

ಆಂಪ್ಲಿಫೈಯರಿನ ಮೇಲೆ ಬಾಗಿ ಒಂದು ವೈರು ಬೆಸೆದ.

"ವಿಡಿಯೋ..." ಅಂದರು ಮೇಷ್ಟ್ರು.

"ಅದು ಬ್ಯಾಡ ಸಾ. ನನ್ ಬೊಂಬೆ ಮಾಡ್ಕಂಡು ಅದ್ರ ಮುಂದೆ ಯಾಕ್ ಯೇಳ್ತೀರಿ. ನಾನೇ ಇರ್ತೀನಲ್ಲ ಅವತ್ತು."

ಡಿಸೆಂಬರಿನ ಆ ಭಾನುವಾರ ಸಮುದಾಯ ಭವನ ತುಂಬಿತ್ತು. ಬ್ಯಾಚಿನವರು ಮೈಸೂರು, ಕೊಳ್ಳೇಗಾಲ, ಮಂಡ್ಯದಿಂದ ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ಗುರುಬಸಮ್ಮ ಮುಂದಿನ ಸಾಲಿನಲ್ಲಿದ್ದರು, ಪಕ್ಕದಲ್ಲಿ ನಂದಿತಾ. ಬಾಗಿಲ ಹತ್ತಿರ ಚಿಕ್ಕಸ್ವಾಮಿ ಕಲ್ಲಯ್ಯನನ್ನು ತರಾಟೆಗೆ ತೆಗೆದುಕೊಂಡಿದ್ದ.

"ಒಳಗಡೆ ಕಾರ್ಯಕ್ರಮಕ್ಕೆ ಹೊರಗಡೆ ಯಾಕ್ಲಾ ಹಾರ್ನು? ಅದೂ ಬಸ್‌ಸ್ಟ್ಯಾಂಡ್ ಕಡೆಗ್ ತಿರುಗ್ಸಿದೀಯ."

"ಇರ್ಲಿ ಬುಡು" ಅಂದ ಕಲ್ಲಯ್ಯ.

ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆರು ಜನ ಮಾತಾಡಿ ಆರು ಜನವೂ ಮೇಷ್ಟ್ರ ಮೌನವನ್ನು ಹೊಗಳಿದರು. ಆಮೇಲೆ ಚಿಕ್ಕಸ್ವಾಮಿ ಅವರ ಹೆಸರು ಕರೆದ.

ಮೇಷ್ಟ್ರು ಎದ್ದರು. ಕಲ್ಲಯ್ಯ ಬಂದ. ತಿರುಪು ಸಡಿಲಿಸಿ, ನಾಲ್ಕು ಬೆರಳು ಇಳಿಸಿ, ಬಿಗಿಮಾಡಿ, ಈ ಸಲ ಮುಖ ನೋಡಿದ. ಭವನದ ಹಿಂಬದಿಯಲ್ಲಿದ್ದ ತನ್ನ ಆಂಪ್ಲಿಫೈಯರಿನ ಹತ್ತಿರ ಹೋಗಿ ನಿಂತ.

ಪಾದ ಊರಿದರು. ಕೈಗಳು ತಮ್ಮಷ್ಟಕ್ಕೆ ತಾವೇ ಮುಗಿಯಲು ಹೊರಟವು. ಅವನ್ನು ಇಳಿಸಿ ಪಂಚೆಯ ಮಗ್ಗುಲಿಗೆ ಒತ್ತಿ ಹಿಡಿದರು. ಉಸಿರು ಬಿಟ್ಟರು. ಕನ್ನಡಕದೊಳಗೆ ಪಂಚೆಯಲ್ಲಿ ಮುಖ ಒರೆಸುತ್ತಿದ್ದವರು ಇಲ್ಲೂ ಎರಡನೇ ಸಾಲಿನಲ್ಲಿ ಕೂತು ಮುಖ ಒರೆಸುತ್ತಿದ್ದರು. ಮೇಷ್ಟ್ರು ಅವರನ್ನೇ ನೋಡಿದರು.

"1991ನೇ ಇಸವಿ ಆಗಸ್ಟ್ ಹದಿನಾಲ್ಕು" ಅಂದರು. "ಪ್ರಾರ್ಥನೆ ಹೊತ್ತಿನಲ್ಲಿ ನಿಮ್ಮೆಲ್ಲರ ಮುಂದೆ ನಾನು ಕಲ್ಲಯ್ಯನನ್ನ ಕಳ್ಳ ಅಂದೆ. ಕಲ್ಲಯ್ಯ ಮೈಕು ಕದ್ದಿರಲಿಲ್ಲ. ಅದು ಸ್ಕೂಲಿನ ಹಾರ್ಮೋನಿಯಂ ಪೆಟ್ಟಿಗೇಲೇ ಇತ್ತು. ಅದು ಎರಡು ತಿಂಗಳಲ್ಲೇ ನನಗೆ ಗೊತ್ತಾಯ್ತು. ಗೊತ್ತಾದ ಮೇಲೂ ಹದಿನೇಳು ವರ್ಷ ನಾನು ಬಾಯಿ ಬಿಡಲಿಲ್ಲ. ನೀವು ಹೊಗಳಿದ ಮೌನ ಇದೇ. ಆ ಹುಡುಗನ ಓದು ನನ್ನಿಂದ ನಿಂತುಹೋಯ್ತು. ತಪ್ಪು ನನ್ನದು."

ಹೇಳುತ್ತ ಹೇಳುತ್ತ ಅವರು ಮೈಕಿನಿಂದ ಹಿಂದೆ ಸರಿದಿದ್ದರು. ಕೊನೆಯ ಮಾತುಗಳು ಬಹಳ ಮೆಲ್ಲಗೆ ಬಂದಿದ್ದವು. ಆದರೆ ಸಭೆಯಲ್ಲಿ ಫ್ಯಾನು ತಿರುಗುವ ಸದ್ದೊಂದು ಬಿಟ್ಟರೆ ಏನೂ ಇರಲಿಲ್ಲ, ಒಳಗಿದ್ದವರಿಗೆಲ್ಲ ಕೇಳಿಸಿತ್ತು. ಚಿಕ್ಕಸ್ವಾಮಿ ಹೂವಿನ ಬುಟ್ಟಿ ಹಿಡಿದುಕೊಂಡು ಹಾಗೇ ನಿಂತಿದ್ದ. ಗುರುಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರು ಕೂರಲು ತಿರುಗಿದರು.

"ಸಾ" ಅಂದ ಕಲ್ಲಯ್ಯ ಹಿಂದಿನಿಂದ. ಎಲ್ಲರೂ ತಿರುಗಿ ನೋಡಿದರು. ದಿನಾ ಎಲ್ಲ ಸಭೆಗಳಲ್ಲೂ ಹೇಳುವ ದನಿಯಲ್ಲೇ ಹೇಳಿದ: "ಮೈಕ್‌ಗೆ ಅತ್ರ ಬನ್ನಿ ಸಾ. ಆಚೆಗೆ ಕೇಳುಸ್ಲಿಲ್ಲ. ಇನ್ನೊಂದ್ಸಲ ಯೇಳಿ."

ಮೇಷ್ಟ್ರು ಮೈಕಿನ ಹತ್ತಿರ ಬಂದರು. ಕಲ್ಲಯ್ಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ.

"ಕಲ್ಲಯ್ಯ ಕದ್ದಿರಲಿಲ್ಲ" ಎಂದರು ಮೇಷ್ಟ್ರು, ತರಗತಿಯಲ್ಲಿ ಹೇಳುತ್ತಿದ್ದ ದನಿಯಲ್ಲಿ. ಈ ಸಲ ಅದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು.